ಐದು ದಿನಕ್ಕೆ ಹತ್ತು ಬೆರಳು

ಬಿಡದಿಯಲ್ಲಿ ಹತ್ತಿದ ಹೆಂಗಸಿನ ಬುಟ್ಟಿಯಿಂದ ಸೀಬೆಹಣ್ಣಿನ ವಾಸನೆ, ಅದರ ಬೆನ್ನಿಗೇ ಕಾರ್ಖಾನೆಯ ಪಾಳಿ ಮುಗಿಸಿ ಬಂದವರ ಗ್ರೀಸು, ಬೆವರು — ನಿಖಾತ್ ಕಣ್ಣು ಬಿಟ್ಟಳು, ಮತ್ತೆ ಮುಚ್ಚಿದಳು, ಇನ್ನು ಕಾಲು ಗಂಟೆಗೆ ರಾಮನಗರ, ಅಷ್ಟರೊಳಗೆ ಹೇಳುವುದೋ ಬಿಡುವುದೋ ತೀರ್ಮಾನವಾಗಬೇಕು, ಎದುರಿಗೆ ಕೂತಿರುವ ಅತ್ತೆಗೆ ಇನ್ನೂ ವಿಷಯ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಮುಖ ಅಷ್ಟು ಹಗುರವಾಗಿದೆ, ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ, ಕಿಟಕಿಗೆ ಆತುಕೊಂಡು, ಓಡುವ ಮಾವಿನ ತೋಟಗಳನ್ನು ನೋಡುತ್ತಿದ್ದಾರೆ, ಈ ದಾರಿಯೂ ನೋಡಿಕೊಂಡು ಹೋಗಬೇಕಾದ ದಾರಿಯೇ ಎನ್ನುವ ಹಾಗೆ. ಅತ್ತೆಯ ಹೆಸರು ಮುನ್ನೀ, ಮುನ್ನೀ ಅಂದರೆ ನೂಲು ಬಿಚ್ಚುವವರ ಓಣಿಯಲ್ಲಿ ಗೊತ್ತಿಲ್ಲದವರಿಲ್ಲ, ಅರವತ್ತೆರಡು ವರ್ಷ, ಅದರಲ್ಲಿ ನಲವತ್ತೈದು ವರ್ಷ ಬಿಸಿನೀರಿನ ಬೇಸಿನ್ನಿನ ಮುಂದೆ, ತೇಲುವ ರೇಷ್ಮೆಗೂಡುಗಳಲ್ಲಿ ಎಳೆ ಹುಡುಕಿ ಹುಡುಕಿ ಚರಕಕ್ಕೆ ಕೊಡುತ್ತ, ಅಂಥವರು ಇವತ್ತು ಬೆಂಗಳೂರಿನ ವೀಸಾ ಆಫೀಸಿನಲ್ಲಿ ಹತ್ತೂ ಬೆರಳು ಒತ್ತಿ ಬಂದಿದ್ದಾರೆ, ಸ್ಪೇನ್ ದೇಶದಲ್ಲಿ ಕಡಲ ತೀರದ ವಲೆನ್ಸಿಯಾ ಅನ್ನುವ ಊರಿಗೆ, ಐದು ದಿನ, ಒಬ್ಬರೇ. ಬೆರಳು ಕೊಟ್ಟಾಯ್ತಲ್ಲ ಬೇಟಿ, ನಾಳೆಯಿಂದ ನಾನೇ ಬೇಸಿನ್ನಿಗೆ ಕೂತ್ಕೋತೀನಿ ಅಂದರು ಕೆಂಗೇರಿ ದಾಟುವಾಗ, ನಿಖಾತ್ ಹ್ಞೂಂ ಅಂದಳು.

ಎರಡು ವರ್ಷದ ಹಿಂದೆ ಆಂಪಾರೋ ಬಂದದ್ದು, ವಲೆನ್ಸಿಯಾದ ನೇಯ್ಗೆಯ ಹೆಂಗಸು, ಬೆಳ್ಳಗಿನ ಕುಳ್ಳಿ, ಕೈಯಿಂದ ನೂಲು ಬಿಚ್ಚುವುದನ್ನು ನೋಡಬೇಕು ಅಂತ ಊರೆಲ್ಲ ಕೇಳಿಕೊಂಡು ಇವರ ಹಿತ್ತಲಿಗೆ ಬಂದವಳು ಒಂದು ವಾರ ಅತ್ತೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು, ಭಾಷೆ ಇಲ್ಲ, ಇಬ್ಬರೂ ಕೈಯಲ್ಲೇ ಮಾತಾಡಿಕೊಂಡರು, ಹೊರಡುವ ದಿನ ಅತ್ತೆಯ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡು ಅತ್ತುಬಿಟ್ಟಳು, ಅತ್ತೆಗೇ ನಾಚಿಕೆಯಾಯಿತು. ಈ ವರ್ಷ ಅವಳ ಕಾಗದ ಬಂತು, ನನ್ನ ಮನೆಗೆ ಬನ್ನಿ, ವಿಮಾನದ ಟಿಕೆಟ್ ನನ್ನದು, ನಮ್ಮ ಊರು ನೋಡಿ. ಕೆಲಸ ತೋರಿಸಕ್ಕೆ ಕರೀತಿರಬೇಕು ಅಂದ ಅನೀಸ್, ನಿಖಾತಳ ಗಂಡ, ಅದಕ್ಕೆ ಅತ್ತೆ, ಕೆಲ್ಸ ಇಲ್ಲೇ ಬೇಕಾದಷ್ಟು ಐತೆ ಮಗ, ಅಲ್ಲಿಗೆ ನಾನು ನೋಡಕ್ಕೆ ಹೋಯ್ತಿದೀನಿ. ಆ ಒಂದು ಮಾತಿಗೇ ನಿಖಾತ್ ಅಡಿಗೆಮನೆಯಲ್ಲಿ ಕೈಯಲ್ಲಿದ್ದ ಈರುಳ್ಳಿ ಬಿಟ್ಟು ಬಾಗಿಲಿಗೆ ಬಂದಿದ್ದಳು — ನೋಡಕ್ಕೆ. ಈ ಓಣಿಯ ಹೆಂಗಸರು ಮದುವೆಗೆ ಹೋಗುತ್ತಾರೆ, ಮಣ್ಣಿಗೆ ಹೋಗುತ್ತಾರೆ, ದರ್ಗಾಕ್ಕೆ ಹೋಗುತ್ತಾರೆ, ಸುಮ್ಮನೆ ಒಂದು ಊರನ್ನು ನೋಡಿ ಬರುತ್ತೇನೆ ಅಂತ ಹೊರಟವರನ್ನು ಅವಳು ಕಂಡಿರಲಿಲ್ಲ. ನಾದಿನಿ ಕೆಹಕಶಾನ್ ಚನ್ನಪಟ್ಟಣದಿಂದ ಫೋನ್ ಮಾಡಿ ಅಂದಳು, ಅಮ್ಮಿ ಮೊದಲು ಮೆಕ್ಕಾಗೆ, ಉಮ್ರಾಕ್ಕೆ ಹೋಗಬಹುದಿತ್ತಲ್ಲ, ಅತ್ತೆ ಕೋಪಿಸಿಕೊಳ್ಳಲಿಲ್ಲ, ಅಲ್ಲಿಗೆ ಹೋಗೋದು ನನ್ನ ಆಸೆ, ಹೋಗೇ ಹೋಗ್ತೀನಿ, ಇದು ಒಬ್ಬಳು ಕರೆದಿರೋದು, ಕರೆದೋರ ಮನೆಗೆ ಹೋಗಬೇಡ್ವಾ.

ಆದರೆ ಬೆರಳು. ಪ್ರತಿ ತಿಂಗಳು ರೇಷನ್ ಅಂಗಡಿಯ ಬಸವಯ್ಯ ನಗುತ್ತಿದ್ದ, ಮುನ್ನಮ್ಮಾರೇ ಹೆಬ್ಬೆಟ್ಟು ಎಲ್ಲಿ ಬುಟ್ಟು ಬಂದ್ರಿ, ಮಿಷಿನ್ನಿನ ಮೇಲೆ ಎಷ್ಟು ಒತ್ತಿದರೂ ಗೆರೆಯೇ ಮೂಡುವುದಿಲ್ಲ, ನಲವತ್ತೈದು ವರ್ಷದ ಬಿಸಿನೀರು ಬೆರಳ ತುದಿಗಳನ್ನು ಹೊಳೆಯಲ್ಲಿ ಉರುಳಿದ ಕಲ್ಲಿನ ಹಾಗೆ ನುಣ್ಣಗೆ ಮಾಡಿಬಿಟ್ಟಿದೆ, ಅಲ್ಲಿ ಫೋನಿಗೆ ನಂಬರು ಬಂದು ಅಕ್ಕಿ ಸಿಗುತ್ತಿತ್ತು, ವೀಸಾಕ್ಕೆ ಹತ್ತು ಬೆರಳೂ ಬೇಕು. ನಿಖಾತ್ ಐಜೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಜನರ ಅರ್ಜಿ ತುಂಬುವವಳು, ಇಂಥದ್ದನ್ನು ಹುಡುಕುವುದು ಅವಳ ಕೆಲಸವೇ, ಹುಡುಕಿದಳು, ಕೈಯನ್ನು ಬಿಸಿನೀರಿನಿಂದ ದೂರ ಇಟ್ಟರೆ ಕೆಲವು ವಾರಗಳಲ್ಲಿ ಗೆರೆ ತಿರುಗಿ ಮೂಡಬಹುದಂತೆ. ಹಾಗಾಗಿ ನಲವತ್ತು ದಿನ ಅತ್ತೆಯ ಬದಲು ಓಣಿಯ ಹನುಮಂತಮ್ಮ ಬೇಸಿನ್ನಿಗೆ ಕೂತಳು, ಅತ್ತೆ ಹಜಾರದ ಚಾಪೆಯ ಮೇಲೆ ಕೂತರು, ಬೆರಳಿಗೆ ಕೊಬ್ಬರಿ ಎಣ್ಣೆ, ಕೆಲಸವಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊದಲ ಮೂರು ದಿನ ಹಿಂಸೆಪಟ್ಟರು, ನಾಲ್ಕನೆಯ ದಿನ, ನಿಖಾತ್ ಬಾ ಇಲ್ಲಿ, ಆ ಊರಿನ ನಕ್ಷೆ ತೆಗಿ ಅಂದರು. ಅಲ್ಲಿಂದ ಶುರು. ಓದು ಬರದ ಹೆಂಗಸು, ಫೋನಿನ ಗಾಜಿನ ಮೇಲೆ ಎಣ್ಣೆ ಬೆರಳು ಇಟ್ಟು ಒಂದೊಂದೇ ಬೀದಿ ಕೇಳಿ ಕೇಳಿ, ಇದು ನಮ್ಮ ಗೂಡಿನ ಮಾರುಕಟ್ಟೆಯಿಂದ ರೈಲ್ವೆ ಸ್ಟೇಷನ್ನಿನಷ್ಟು ದೂರವಾ, ಹಾಗಾದ್ರೆ ನಡೀಬೋದು, ಇದು ಅದರ ಎರಡಷ್ಟು, ಟ್ರಾಮು ಬೇಕು — ಹತ್ತು ದಿನದಲ್ಲಿ ಆ ಊರು ಅವರ ಬಾಯಲ್ಲಿ ಪಕ್ಕದ ಓಣಿಯಾಗಿಬಿಟ್ಟಿತು.

ಮಂಗಳವಾರ ಇಳಿಯೋದು, ಅವತ್ತು ಏನೂ ನೋಡಲ್ಲ, ಆಂಪಾರೋ ಮನೆ ಕಿಟಕೀಲಿ ಕೂತಿರ್ತೀನಿ, ಹೋದ ತಕ್ಷಣ ಊರ ಮೇಲೆ ಬೀಳಬಾರದು, ನಾನು ಬಂದಿದೀನಿ ಅಂತ ಅದಕ್ಕೂ ಒಸಿ ಗೊತ್ತಾಗಲಿ. ಬುಧವಾರ ರೇಷ್ಮೆ ವ್ಯಾಪಾರದ ಹಳೇ ಮಹಲು, ಐನೂರು ವರ್ಷದ್ದು, ಒಳಗೆ ಕಂಬಗಳು ಹುರಿ ಮಾಡಿದ ನೂಲಿನ ಹಾಗೆ ತಿರುಚಿಕೊಂಡು ಮೇಲೆ ಹೋಗಿ ಚಾವಣಿಯಲ್ಲಿ ಬಿಚ್ಚಿಕೊಳ್ಳುತ್ತವೆ, ಆ ಚಿತ್ರ ನೋಡಿ ಅತ್ತೆ, ಕಲ್ಲಲ್ಲಿ ಹುರಿ ಹಾಕವ್ರೆ, ಎಂಥ ಕೈ ಇರಬೇಕು ಅಂದರು, ಗೋಡೆಯ ಸುತ್ತ ಚಿನ್ನದ ಅಕ್ಷರದಲ್ಲಿ ಏನೋ ಬರೆದಿದೆ, ನಿಖಾತ್ ಅರ್ಥ ಹುಡುಕಿ ಓದಿದಳು, ಮಾತಲ್ಲಿ ಮೋಸ ಮಾಡದ, ಬಡ್ಡಿಗೆ ಕೊಡದ ವ್ಯಾಪಾರಿಯೇ ಬಾಳುತ್ತಾನೆ ಎಂಬಂಥ ಮಾತು, ಅತ್ತೆ ಎರಡು ಸಲ ಓದಿಸಿಕೊಂಡರು, ಇದನ್ನ ಗೋಡೆ ಮೇಲೆ ಬರೆಸಿದವರ ಊರನ್ನ ನಿಧಾನಕ್ಕೆ ನೋಡಬೇಕು, ಬುಧವಾರ ಪೂರ್ತಿ ಇದಕ್ಕೇ ಬಿಡು. ಗುರುವಾರ ಹನ್ನೆರಡು ಗಂಟೆಗೆ ದೊಡ್ಡ ಚರ್ಚಿನ ಬಾಗಿಲಲ್ಲಿ ನೀರಿನ ಪಂಚಾಯಿತಿ, ಕರಿ ಅಂಗಿ ತೊಟ್ಟ ರೈತರು ಕಾಲುವೆ ನೀರಿನ ಜಗಳ ತೀರ್ಮಾನ ಮಾಡುತ್ತಾರೆ, ವಕೀಲರಿಲ್ಲ, ಎಲ್ಲ ಬಾಯಿಮಾತಿನಲ್ಲೇ, ನೂರಾರು ವರ್ಷದಿಂದ ಹೀಗೇ ಅಂತೆ, ಓದು ಬರದವರೂ ನಿಂತು ಕೇಳಬಹುದು ಅಂದಾಗ ಅತ್ತೆ ಚಾಪೆಯ ಮೇಲೆ ನೆಟ್ಟಗೆ ಕೂತರು, ವಿಮಾನ ಯಾವತ್ತಾದ್ರೂ ಇರಲಿ, ಗುರುವಾರ ತಪ್ಪಬಾರದು, ಅದನ್ನ ನಡುವೆ ಇಟ್ಟು ಆಕಡೆ ಈಕಡೆ ದಿನ ಜೋಡಿಸು. ಶುಕ್ರವಾರ ಹೊಳೆ, ಪ್ರವಾಹ ಬಂದು ಊರು ಮುಳುಗಿದ ಮೇಲೆ ಹೊಳೆಯನ್ನೇ ಊರಾಚೆ ತಿರುಗಿಸಿ, ಹೊಳೆಯಿದ್ದ ಜಾಗದಲ್ಲಿ ತೋಟ ಮಾಡಿದ್ದಾರೆ, ನಮ್ಮ ಅರ್ಕಾವತಿ ನೆನೆಸಿಕೊಂಡು ನಡೀತೀನಿ, ಮಧ್ಯಾಹ್ನ ಅಲ್ಲೇ ಮರದ ಕೆಳಗೆ ನಮಾಜು. ಶನಿವಾರ ಕಡಲು, ಕಡಲು ಕೊನೆಗೆ, ಮೊದಲೇ ನೋಡಿಬಿಟ್ರೆ ಬೇರೆ ಯಾವುದಕ್ಕೂ ಮನಸ್ಸು ಬರಲ್ಲ. ಇಷ್ಟೂ ಹೇಳಿ, ಆ ದೊಡ್ಡ ಚರ್ಚಿನ ಗೋಪುರ ಹತ್ತಬೇಕಲ್ಲ ಅಂತ, ಅತ್ತೆ ದಿನಾ ಸಂಜೆ ರಾಮನಗರ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದರು, ಮಂಡಿ ಹಿಡಿದುಕೊಂಡು, ಟಿಕೆಟಿನವನು ಯಾರಮ್ಮ ಬರೋದು ಅಂದರೆ, ಯಾರೂ ಇಲ್ಲಪ್ಪ, ಹೋಗೋಳು ನಾನು.

ನಿಖಾತ್ ದಿನಕ್ಕೆ ಎಷ್ಟು ಜನರ ಅರ್ಜಿ ತುಂಬಿಲ್ಲ, ಇಂಥ ಯೋಜನೆ ನೋಡಿರಲಿಲ್ಲ, ಹೆಮ್ಮೆಯಿಂದ ಒಂದು ಮಾತೂ ಬಿಡದೆ ಟೈಪು ಮಾಡಿದ್ದಳು, ಇವತ್ತು ಕೌಂಟರಿನ ಹುಡುಗಿಯೂ ಅದನ್ನು ಓದಿ ತಲೆಯೆತ್ತಿ ನೋಡಿದಳು, ಎದೆಯ ಮೇಲೆ ಭಾನುಪ್ರಿಯ ಅಂತ ಹೆಸರು, ಇದನ್ನ ಯಾರು ಮಾಡಿಕೊಟ್ರು, ಏಜೆನ್ಸಿನಾ — ಅಲ್ಲ, ಅವರೇ ಅಂದಳು ನಿಖಾತ್. ಆಮೇಲೆ ಬೆರಳು, ಬಲಗೈಯ ನಾಲ್ಕು ಹಸಿರು ಬೆಳಕಿನ ಗಾಜಿನ ಮೇಲೆ, ಬರಲಿಲ್ಲ, ಒರೆಸಿ ಮತ್ತೆ, ಬರಲಿಲ್ಲ, ಅಮ್ಮಾ ಒಸಿ ಒತ್ತಿ ಅಂತ ಭಾನುಪ್ರಿಯ ಎದ್ದು ಬಂದು ತನ್ನ ಅಂಗೈಯನ್ನು ಅತ್ತೆಯ ಕೈಮೇಲೆ ಇಟ್ಟು ಒತ್ತಿದಳು, ಪರದೆಯ ಮೇಲೆ ಮಂಜು ಸರಿದ ಹಾಗೆ ಗೆರೆ ಮೂಡಿತು, ಸುಳಿ ಸುಳಿಯಾಗಿ, ನಾಲ್ಕು, ಎಂಟು, ಹತ್ತು, ಅತ್ತೆ ಪರದೆಯನ್ನೇ ನೋಡುತ್ತ, ಇವು ನನ್ನವಾ ಅಂದರು. ಹೊರಡುವಾಗ ಭಾನುಪ್ರಿಯ ನಿಖಾತಳ ಹತ್ತಿರ ಇಂಗ್ಲಿಷಿನಲ್ಲಿ, ಮೆಲ್ಲಗೆ, ಅಲ್ಲಿ ಇಳಿದಾಗಲೂ ಬೆರಳು ತಾಳೆ ನೋಡ್ತಾರೆ ಮೇಡಂ, ಅಲ್ಲೀವರೆಗೂ ಹೀಗೇ ಕಾಪಾಡಿಕೊಳ್ಳಿ. ಪ್ರಯಾಣಕ್ಕೆ ಇನ್ನೂ ಎರಡು ತಿಂಗಳು. ಹನುಮಂತಮ್ಮ ನಾಳೆ ಬೆಳಿಗ್ಗೆ ಸೋಲೂರಿಗೆ, ಮಗಳ ಬಾಣಂತನಕ್ಕೆ, ಅವಳು ಬರುವುದೂ ಎರಡು ತಿಂಗಳ ಮೇಲೆ, ಓಣಿಯಲ್ಲಿ ಖಾಲಿ ಕೈಯ ಇನ್ನೊಬ್ಬ ಹೆಂಗಸಿಲ್ಲ, ಗೂಡು ಮನೆಗೆ ಬಂದು ಬಿದ್ದಿದೆ, ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ಹೋಯಿತು. ಹೇಳಿದರೆ ಅತ್ತೆ ಏನನ್ನುತ್ತಾರೆಂದು ಗೊತ್ತು, ಹೋಗ್ಲಿ ಬಿಡು ಬೇಟಿ, ಮನೇಲಿ ಕೂತೇ ನೋಡಿಯಾಯ್ತಲ್ಲ. ಹೇಳದಿದ್ದರೆ ನಾಳೆಯೇ ಆ ಹತ್ತು ಸುಳಿಗಳು ನೀರಿಗೆ.

ರೈಲು ನಿಂತಿತು, ಇಳಿದರು, ಮೇಲ್ಸೇತುವೆ ಹತ್ತಿದರು, ಅತ್ತೆ ಮುಂದೆ, ಉಸಿರು ಹತ್ತಲಿಲ್ಲ ನೋಡು ಅಂದರು ತಿರುಗಿ, ನಿಖಾತಳಿಗೆ ಮದುವೆಯ ಮಾತುಕತೆಯ ದಿನ ನೆನಪಾಗುತ್ತದೆ, ಒಂಬತ್ತು ವರ್ಷ ಆಯಿತು, ನಮ್ಮ ಹುಡುಗಿ ಓದಿದವಳು, ಬೇಸಿನ್ನಿಗೆ ಕೂರಿಸಬೇಡಿ ಅಂದಿದ್ದಳು ಅವಳ ತಾಯಿ, ತಾನೂ ಬೆಂದ ಕೈಯವಳು, ಆಗ ಈ ಅತ್ತೆ ಎಲ್ಲರೆದುರು, ಈ ಕೈ ನೀರಿಗಿಳಿಯಲ್ಲ, ನನ್ನ ಮಾತು ಅಂದರು, ಒಂಬತ್ತು ವರ್ಷದಲ್ಲಿ ಒಂದು ದಿನವೂ ಕರೆಯಲಿಲ್ಲ, ಜ್ವರ ಬಂದಾಗಲೂ ತಾವೇ ಕೂತರು. ಮನೆ ಬಂತು, ಹಿತ್ತಲಲ್ಲಿ ಹುಳು ಬೆಂದ ವಾಸನೆ, ಹನುಮಂತಮ್ಮ ಬಟ್ಟೆ ಗಂಟು ಕಟ್ಟಿಕೊಂಡೇ ನಿಂತಿದ್ದಾಳೆ, ಬಂದ್ರಾ ಮುನ್ನಮ್ಮ, ಬೆರಳು ಬಂತಾ, ಮಗಳಿಗೆ ನೋವು ಈಗ್ಲೇ ಶುರುವಾಗೈತಂತೆ ಕಣವ್ವ, ನಾನು ಈ ಬಸ್ಸಿಗೇ ಹೊಂಟೆ, ನೀರು ಕಾದೈತೆ, ಗೂಡು ಹಾಕಿವ್ನಿ. ಅನೀಸ್ ಚರಕದ ಹಿಡಿ ಹಿಡಿದು ತಾಯಿಯ ಮುಖ ನೋಡುತ್ತಿದ್ದಾನೆ. ಅತ್ತೆ ಬುರ್ಖಾ ಕಳಚಿ ಗೂಟಕ್ಕೆ ಹಾಕಿ ತೋಳು ಮೇಲಕ್ಕೆ ಸರಿಸುತ್ತಿದ್ದಾರೆ — ಆಗ ನಿಖಾತ್ ಹೇಳಿದಳು, ಒಂದೇ ಉಸಿರಿಗೆ, ಅಲ್ಲಿ ಇಳಿದಾಗಲೂ ಬೆರಳು ಕೇಳ್ತಾರಂತೆ ಅಮ್ಮಿ, ನೀವು ಮುಟ್ಟಬೇಡಿ, ಬೆಳಿಗ್ಗೆ ಹೊತ್ತು ನಾನು ಕೂರ್ತೀನಿ, ಅಂಗಡಿಗೆ ಮಧ್ಯಾಹ್ನದ ಮೇಲೆ ಹೋಗ್ತೀನಿ. ಅತ್ತೆ ಸರಿಸಿದ ತೋಳನ್ನು ಕೆಳಗಿಳಿಸದೆ, ನಿನ್ನ ತಾಯಿಗೆ ಮಾತು ಕೊಟ್ಟಿದೀನಿ ಅಂದರು, ನಿಖಾತ್, ನೀವು ಕೊಟ್ಟಿದೀರಿ, ನಾನು ಕೊಟ್ಟಿಲ್ಲ, ಎಂದು ಮಣೆಯ ಮೇಲೆ ಕೂತುಬಿಟ್ಟಳು.

ಆವಿ ಮುಖಕ್ಕೆ ಹೊಡೆಯಿತು, ಕನ್ನಡಕ ಮಸುಕಾಯಿತು, ತೆಗೆದಿಟ್ಟಳು, ಹಳದಿ ಗೂಡುಗಳು ಒಂದನ್ನೊಂದು ತಳ್ಳುತ್ತ ತಿರುಗುತ್ತಿವೆ, ಎಷ್ಟು ಹೊತ್ತು ನೋಡುತ್ತ ಕೂತಳೋ, ಬೆನ್ನ ಹಿಂದೆ ಅತ್ತೆ ಬಂದು ಕುಕ್ಕರುಗಾಲಲ್ಲಿ ಕೂತರು, ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ನೀರನ್ನ ನೋಡಬೇಡ, ಎಳೆ ನೋಡು, ಬೆರಳಿಗೆ ತಡವಾದ್ರೆ ಬಿಸಿ ಹತ್ತುತ್ತೆ, ಮೀನು ಹಿಡಿದ ಹಾಗೆ ಹಾಕಿ ತೆಗಿ ಅಂದರು, ದನಿ ಸಣ್ಣಗಾಗಿತ್ತು. ಹಾಕಿದಳು. ಚರ್ಮ ಚುರ್ ಅಂದಿತು, ಕಣ್ಣಲ್ಲಿ ನೀರು ಬಂತು, ತೆಗೆದಳು, ತೋರುಬೆರಳ ತುದಿಯಲ್ಲಿ ಕಾಣುವುದೋ ಕಾಣದೋ ಅನ್ನುವಷ್ಟು ಸಣ್ಣ ಒಂದು ಎಳೆ, ನೀರಿನಿಂದ ಮೇಲಕ್ಕೆ, ಬೆಳಕಿನಲ್ಲಿ ಒಂದು ಸಲ ಮಿಂಚಿ, ತುಂಡಾಗದೆ, ಇನ್ನೂ ಬರುತ್ತಲೇ —