ಇದಕ್ಕೆ ಇವೂ ಹೊಂದುತ್ತವೆ

“ಈ ಸೀರಿಗೆ ಈ ಬಳಿ ಆರ್ಸಿದವ್ರು ಯಾರ್ರಿ?”

ಬೆಲ್ಲದ ಬಾಗೇವಾಡಿಯ ದುಂಡವ್ವ ಗೋಕಾಕದ ಸೀರೆ-ಬಳೆ ಅಂಗಡಿಯ ಕೌಂಟರಿನ ಮುಂದೆ ನಿಂತು ಕೇಳಿದಳು. ಮದುವೆ ಗೊತ್ತಾಗಿದ್ದ ಮಗಳು ವಿದ್ಯಾ, ಹುಕ್ಕೇರಿಯ ಸೈಬರ್ ಕೆಫೆಯಲ್ಲಿ ಈ ಅಂಗಡಿಯ ವೆಬ್‌ಸೈಟಿನಿಂದ ಪ್ರಿಂಟ್ ತೆಗೆಸಿದ ಹಾಳೆಯನ್ನು ಬಿಡಿಸಿ ಹಿಡಿದಿದ್ದಳು. ಮೇಲೆ ಕೆಂಪು ಇಳಕಲ್ ಸೀರೆ. ಕೆಳಗೆ ‘ಇದಕ್ಕೆ ಇವೂ ಹೊಂದುತ್ತವೆ’ ಎಂದು ಹಸಿರು ಗಾಜಿನ ಬಳೆಗಳು, ನಡುನಡುವೆ ಒಂದೊಂದು ಹಳದಿ.

“ಅದನ್ನ ಯಾರೂ ಆರಸೂದಿಲ್ರಿ. ಕಂಪ್ಯೂಟರ್ ತಾನ ತೋರಸ್ತೈತಿ,” ಎಂದಳು ಅಂಗಡಿಯ ಯಜಮಾನಿ ರಾಜಮತಿ.

ಪರದೆಯ ಹಿಂದೆ ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆ ತ್ರಿಶಲಾಗೆ ಮಾತು ಕೇಳಿಸಿತು. ಗಂಡ ಆದಿನಾಥ ಇರುವವರೆಗೆ ಅವಳೇ ಕೌಂಟರಿನಲ್ಲಿ ನಿಂತು ಮದುಮಕ್ಕಳಿಗೆ ಬಳೆ ತೊಡಿಸುತ್ತಿದ್ದಳು. ಅವನ ಮೋಟಾರ್ ಸೈಕಲ್ಲಿಗೆ ಟ್ರಕ್ಕು ಬಡಿದು ಅವನು ತೀರಿಕೊಂಡ ಮೇಲೆ, ಸೂತಕವೆಲ್ಲ ಕಳೆದು ಅವಳು ಅಂಗಡಿಗೆ ಬಂದ ದಿನ, ಅತ್ತೆ ಮೆತ್ತಗೆ ಹೇಳಿದ್ದಳು: “ಮದಿವಿ ಗಿರಾಕಿ ಬರ್ತಾರವಾ. ನೀ ಒಳಗ ಕುಂದ್ರು.”

೨೦೦೮ರಲ್ಲಿ ಮೈದುನ ಸನ್ಮತಿ ಆನ್‌ಲೈನ್ ಅಂಗಡಿ ತೆರೆದಾಗ, ಪ್ರತಿ ಸೀರೆಯ ಕೆಳಗೆ ಹೊಂದುವ ಬಳೆ, ಸರ, ಕುಂಕುಮದ ಡಬ್ಬಿ ಜೋಡಿಸುವ ಕೆಲಸ ಅವಳಿಗೆ ಬಂತು. ಪುಣೆಯಿಂದ, ಸಾಂಗಲಿಯಿಂದ ಆರ್ಡರ್ ಬರತೊಡಗಿದವು. “ವೈನಿ, ನೀವು ಹಚ್ಚಿದ ಜೋಡಿ ಭಾರಿ ಹೊಂಟಾವ,” ಎಂದು ಸನ್ಮತಿ ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಿದ್ದಳು. ಅದರಿಂದ ಖುಷಿಯೂ ಆಗುತ್ತಿರಲಿಲ್ಲ, ಬೇಸರವೂ ಆಗುತ್ತಿರಲಿಲ್ಲ.

ಹೊರಗೆ ದುಂಡವ್ವ ಬಿಡಲಿಲ್ಲ. “ಕಂಪ್ಯೂಟರಿಗೆ ಏನ್ ತಿಳಿತೈತ್ರಿ ಅಕ್ಕಾರ? ನಮ್ಮವ್ವ ಹಿಂಗ ಹಳದಿ ಸೇರಿಸಿ ಇಡಸ್ಕೊಂತಿದ್ಲು. ಇದನ್ನ ಆರ್ಸಿದಾಕಿನ ಕರೀರಿ. ಆಕಿ ಕಡಿಂದನ ನನ್ನ ಮಗಳಿಗೆ ಬಳಿ ಇಡಸ್ಬೇಕು.”

ತ್ರಿಶಲಾ ಎದ್ದಳು. ಯಾಕೆ ಎದ್ದೆನೆಂದು ಅವಳಿಗೂ ತಿಳಿಯಲಿಲ್ಲ. ಪರದೆ ಸರಿಸಿ ಹೊರಗೆ ಬಂದು, “ನಾನ ಆರ್ಸಿದ್ದು,” ಎಂದಳು.

ದುಂಡವ್ವನ ಕಣ್ಣು ಅವಳ ಬರಿ ಹಣೆಯ ಮೇಲೆ ನಿಂತು, ಅಲ್ಲಿಂದ ಬರಿ ಮುಂಗೈಗೆ ಇಳಿಯಿತು. ನಗು ಅರ್ಧಕ್ಕೇ ಉಳಿಯಿತು.

“ಹೌದೇನ್ರಿ... ಹಂಗಾರ ಕಟ್ಟಿ ಕೊಡ್ರಿ. ಮನ್ಯಾಗ ಇಟ್ಕೊಂತಾಳ.”

ರಾಜಮತಿ ಆಗಲೇ ಹಳೆಯ ಪೇಪರು ಎಳೆದುಕೊಂಡು ಸೊಸೆಯ ಕಡೆಗೆ ಸರಿಸಿದ್ದಳು. ತ್ರಿಶಲಾ ಕಪಾಟಿನಿಂದ ಆ ಬಳೆಗಳನ್ನು ತೆಗೆದು ಸುತ್ತತೊಡಗಿದಳು. ಅವಳಿಗೆ ಏನೂ ಅನ್ನಿಸಲಿಲ್ಲ.

“ಕಟ್ಟಬ್ಯಾಡ್ರಿ ಅಕ್ಕಾರ,” ಎನ್ನುತ್ತ ವಿದ್ಯಾ ಎಡಗೈಯನ್ನು ಕೌಂಟರಿನ ಮೇಲೆ ಚಾಚಿದಳು.

“ಏ ವಿದ್ಯಾ...” ಎಂದಳು ದುಂಡವ್ವ. ಹುಡುಗಿ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

ತ್ರಿಶಲಾ ಅತ್ತೆಯ ಮುಖ ನೋಡಲಿಲ್ಲ. ಆ ಕೈಯನ್ನು ಹಿಡಿದಳು. ಅದು ಬೆಚ್ಚಗಿತ್ತು, ತುಸು ಬೆವತಿತ್ತು. ಬೆರಳುಗಳನ್ನು ಒಟ್ಟುಗೂಡಿಸಿ ಒತ್ತಿ, “ಸಡ್ಲ ಬಿಡು,” ಎಂದಳು.

ಮೊದಲ ಬಳೆ ಗೆಣ್ಣಿನ ಹತ್ತಿರ ತಡೆಯಿತು. ದುಂಡವ್ವ ಮುಖ ತಿರುಗಿಸಿ, ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸನ್ನು ನೋಡುತ್ತ ನಿಂತಳು. ಬಳೆ ಮೆಲ್ಲಗೆ ಒಂದು ಸುತ್ತು ತಿರುಗಿ, ಒಡೆಯದೆ, ಮುಂಗೈಗೆ ಇಳಿಯಿತು.

ತ್ರಿಶಲಾ ಇನ್ನೊಂದನ್ನು ಕೈಗೆತ್ತಿಕೊಂಡಳು.