ಜಲ್ಲಿಯ ಇಳಿಜಾರು

ಅಣ್ಣನಿಗೆ ಡಾಂಬರು ರಸ್ತೆ ಕಂಡರೆ ಆಗುತ್ತಿರಲಿಲ್ಲ. ವಾರವಿಡೀ ಅಂಗಡಿಯಲ್ಲಿ ಕಿಟಕಿಗಳಿಗೆ ಗಾಜು ಕೊಯ್ಯುವ ಕೆಲಸ ಅವನದು. ಉಸಿರು ಬಿಗಿಹಿಡಿದು, ಕೈ ಅಲುಗದಂತೆ ಗೀರಬೇಕು. ಭಾನುವಾರ ಬಂತೆಂದರೆ ಹಗ್ಗ ಬಿಚ್ಚಿದ ಕರುವಿನಂತೆ ದಪ್ಪ ಟೈರಿನ ಸೈಕಲ್ ಹತ್ತಿ ಊರಾಚೆಗೆ ಓಡಿಬಿಡುತ್ತಿದ್ದ. ಕಾಲುವೆಯ ಏರಿ, ಹೊಲಗಳ ನಡುವಿನ ಬಂಡಿದಾರಿ, ಗುಡ್ಡದ ಮೇಲಿನ ಜಲ್ಲಿ ಹಾದಿ, ಹೀಗೆ ಲಾರಿ ಬಸ್ಸುಗಳ ಕಾಟವಿಲ್ಲದ ಕಡೆಗಳನ್ನೆಲ್ಲ ಒಂದಕ್ಕೊಂದು ಗಂಟುಹಾಕಿ ಪ್ರತಿ ವಾರ ಹೊಸ ದಾರಿ ಹುಡುಕುವುದೇ ಅವನ ಹುಚ್ಚು.

ಆ ಹುಚ್ಚು ತಂಗಿಗೂ ಅಂಟಿತ್ತು. ಅವಳು ದೊಡ್ಡ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸು, ಅಲ್ಲೇ ಕ್ವಾರ್ಟರ್ಸಿನಲ್ಲಿ ವಾಸ. ವಾರ್ಡಿನವರೆಲ್ಲ "ಸಿಸ್ಟರ್, ಸಿಸ್ಟರ್" ಎಂದು ಕೂಗುವುದನ್ನು ಕೇಳಿ ಅಣ್ಣ, "ಊರಿಗೆಲ್ಲ ಸಿಸ್ಟರ್ ಆಗಿದ್ದೀಯ, ಒರಿಜಿನಲ್ ಮಾತ್ರ ನನ್ನೊಬ್ಬನಿಗೇ" ಎಂದು ಕಾಡಿಸುತ್ತಿದ್ದ.

"ಅಣ್ಣ ತಂಗಿ ಇಬ್ಬರೂ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದೀರಿ," ಎಂದಳು ಅತ್ತಿಗೆ ಆ ಭಾನುವಾರ ಬೆಳಿಗ್ಗೆ, ಬಾಗಿಲಲ್ಲಿ ನಿಂತು. "ನೋಡು, ಊಟದ ಹೊತ್ತಿಗೆ ಇವರನ್ನ ವಾಪಸ್ ಕರ್ಕೊಂಡು ಬರೋ ಜವಾಬ್ದಾರಿ ನಿಂದು."

"ಆಯ್ತು ಅತ್ತಿಗೆ," ಎಂದಿದ್ದಳು ತಂಗಿ.

ಕಾಲುವೆಯ ಏರಿ ಮೇಲೆ ಹೋಗುವಾಗ ನೀರಿನ ತಂಪುಗಾಳಿ ಹಿತವಾಗಿತ್ತು. ತೂಬಿನ ಬಳಿ, ನೀರು ಬಿಡುವ ಕೆಲಸದವನು ತನ್ನ ಮನೆಯ ಮುಂದೆ ಬಲೆ ಹೊಲಿಯುತ್ತ ಕೂತಲ್ಲಿಂದಲೇ ಕೈ ಬೀಸಿದ. ಅಲ್ಲಿಂದ ಹೊಲ ದಾಟಿ ಗುಡ್ಡ ಹತ್ತಿದರು. ಅದರ ಮೇಲೆ ಒಂದು ಕಾಲದಲ್ಲಿ ಕಲ್ಲು ಗಣಿಯಿತ್ತು. ಈಗ ಪಾಳುಬಿದ್ದಿದೆ, ಜಲ್ಲಿ ದಾರಿ ಮಾತ್ರ ಉಳಿದಿದೆ. ತುದಿಯಲ್ಲಿ ಕೂತು ಇಬ್ಬರೂ ಬ್ರೆಡ್ಡು ತಿಂದರು. ಅಣ್ಣ ಕೆಳಗೆ ಬೆಳ್ಳಿ ದಾರದಂತೆ ಕಾಣುವ ಕಾಲುವೆಯನ್ನು ನೋಡುತ್ತ, "ಮುಂದಿನ ಸಲ ನಿನ್ನ ಅತ್ತಿಗೇನೂ ಹೇಗಾದ್ರೂ ಕರ್ಕೊಂಡು ಬರ್ಬೇಕು" ಎಂದ.

ಇಳಿಯುವಾಗ ಅವನು ಮುಂದಿದ್ದ. ತಿರುವಿನಲ್ಲಿ ಜಲ್ಲಿ ಸಡಿಲವಾಗಿತ್ತು. ಮುಂದಿನ ಚಕ್ರ ಜಾರಿತು, ಹ್ಯಾಂಡಲ್ ಅಡ್ಡ ತಿರುಗಿತು, ಅದರ ತುದಿ ಹೊಟ್ಟೆಗೆ ತಗಲುವಂತೆ ಅವನು ಬಿದ್ದ. ಅಂಥ ಜೋರಾಗೇನೂ ಬೀಳಲಿಲ್ಲ. ತಂಗಿ ಬ್ರೇಕು ಹಿಡಿದು ಓಡಿ ಬರುವಷ್ಟರಲ್ಲಿ ಅವನೇ ಎದ್ದು ಧೂಳು ಕೊಡವುತ್ತಿದ್ದ.

"ನಿನ್ನ ಅತ್ತಿಗೆಗೆ ಹೇಳ್ಬೇಡ, ಸೈಕಲ್ಲನ್ನ ಗುಜರಿಗೆ ಹಾಕ್ಬಿಡ್ತಾಳೆ," ಎಂದು ನಕ್ಕ. ಆಮೇಲೆ, "ಸ್ವಲ್ಪ ಕೂತ್ಕೋತೀನಿ" ಎಂದ.

ಕೂತವನು ಏಳಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತು, ಹಣೆಯಲ್ಲಿ ತಣ್ಣನೆಯ ಬೆವರು. "ಬಿದ್ದಿದ್ದು ಹೊಟ್ಟೆ ಮೇಲೆ, ನೋಯ್ತಿರೋದು ಎಡಭುಜ. ವಿಚಿತ್ರ ನೋಡು," ಎಂದ.

ತಂಗಿಗೆ ಅರ್ಥವಾಯಿತು. ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮವೆಂಬ ಅಂಗ ಒಡೆದು ಹೊಟ್ಟೆಯೊಳಗೇ ರಕ್ತ ಸೋರುವಾಗ ನೋವು ಹೀಗೆ ಭುಜಕ್ಕೆ ಏರುತ್ತದೆ. ಇಂಥವರನ್ನು ಸ್ಟ್ರೆಚರಿನ ಮೇಲೆ ಓಡಿಸಿಕೊಂಡು ಹೋದವಳು ಅವಳು. ನಾಡಿ ಹಿಡಿದಳು, ದಾರದಷ್ಟು ಸಣ್ಣಗೆ, ಹುಚ್ಚಾಪಟ್ಟೆ ಓಡುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ದಿಬ್ಬ ಹತ್ತಿ ನೋಡಿದಳು, ಕೂಗಿದಳು. ಬಿಟ್ಟ ಗಣಿಯ ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಅವನನ್ನು ಮಲಗಿಸಿ, ಕಾಲ ಕೆಳಗೆ ಚೀಲ ಇಟ್ಟು, ತನ್ನ ಜಾಕೆಟ್ಟು ಹೊದಿಸಿದಳು. "ತೂಬಿನವನ ಹತ್ರ ಹೋಗಿ ಜನ ಕರ್ಕೊಂಡು ಬರ್ತೀನಿ. ಅಲುಗಾಡ್ಬೇಡ."

ಅಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ. ಅವನ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಬೇಡ. ಬಿಟ್ಟು ಹೋಗ್ಬೇಡ."

"ಹೋಗ್ಲೇಬೇಕು ಅಣ್ಣ."

"ನನಗೆ ಹೆದರಿಕೆ ಆಗ್ತಿದೆ. ಇಲ್ಲೇ ಇರು."

ಅವಳು ಅವನ ಬೆರಳುಗಳನ್ನು ಬಿಡಿಸಿದಳು. ಬಿಡಿಸಲು ಬಲ ಹಾಕಬೇಕಾಯಿತು.

ಹೇಗೆ ಇಳಿದಳೋ ಅವಳಿಗೇ ತಿಳಿಯದು. ತೂಬಿನವನು ಅವಳ ಮುಖ ನೋಡಿಯೇ ಬಲೆ ಎಸೆದು ಎದ್ದ. ಅವನ ಮನೆಯ ಫೋನಿನಿಂದ ಆಂಬುಲೆನ್ಸಿಗೆ ಹೇಳಿದರು. ಅದು ಡಾಂಬರು ರಸ್ತೆಯವರೆಗೆ ಮಾತ್ರ ಬರಬಲ್ಲದು. ಪಕ್ಕದ ಹೊಲದವನ ಟ್ರ್ಯಾಕ್ಟರಿಗೆ ಟ್ರೈಲರ್ ಸಿಕ್ಕಿಸಿ, ಅದರಲ್ಲಿ ಹಾಸಿಗೆ ಹಾಕಿಕೊಂಡು ಹೊರಟರು. ಟ್ರ್ಯಾಕ್ಟರು ಗುಡ್ಡ ಏರುವಾಗ ಆಮೆಗಿಂತ ನಿಧಾನ. ಅವಳು ಹಾರಿ ಇಳಿದು ಮುಂದೆ ಓಡಿದಳು.

ಮಲಗಿಸಿದ ಜಾಗದಲ್ಲಿ ಜಾಕೆಟ್ಟು ಮಾತ್ರ ಬಿದ್ದಿತ್ತು. ಅಣ್ಣ ಅಲ್ಲಿಂದ ಸಾಕಷ್ಟು ಕೆಳಗೆ, ಬದುವಿನ ಪಕ್ಕದಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಮಧ್ಯದ ಜಲ್ಲಿಯೆಲ್ಲ ಕೆದರಿತ್ತು. ಅವಳು ಹೋದ ದಿಕ್ಕಿಗೇ ತೆವಳಿಕೊಂಡು ಬಂದಿದ್ದ. ಮೈ ಇನ್ನೂ ಬೆಚ್ಚಗಿತ್ತು. ಅವಳು ಎದೆ ಒತ್ತಿದಳು, ಬಾಯಿಗೆ ಉಸಿರು ಊದಿದಳು, ಮತ್ತೆ ಒತ್ತಿದಳು. ಕಡೆಗೆ ತೂಬಿನವನು ಅವಳ ಹೆಗಲು ಹಿಡಿದು, "ಸಾಕು ತಾಯಿ, ಬಿಡು" ಎಂದ.

ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು. "ನೀನು ಹತ್ರ ಇದ್ಯಾ?"

"ಇದ್ದೆ ಅಮ್ಮ. ನನ್ನ ತೊಡೆ ಮೇಲೇ ತಲೆ ಇಟ್ಕೊಂಡಿದ್ದ."

ಬಾಯಿಗೆ ಬಂದದ್ದು ಬಂದುಹೋಯಿತು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತೆ ಅಮ್ಮ ಆ ಮಾತನ್ನು ಹಿಡಿದುಕೊಂಡಳು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು: ಒಡಹುಟ್ಟಿದವಳ ತೊಡೆಯ ಮೇಲೆ ನಿದ್ದೆ ಹೋದಂತೆ ಹೋದ, ಅಷ್ಟಾದರೂ ಪುಣ್ಯ ಮಾಡಿದ್ದ. ತಂಗಿ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಕೆಲವು ವಾರ ಕಳೆದ ಮೇಲೆ ತೂಬಿನವನು ಅಣ್ಣನ ಸೈಕಲ್ಲನ್ನು ತಲುಪಿಸಲು ಮನೆಗೆ ಬಂದ. ಅವತ್ತು ಮನೆಯಲ್ಲಿದ್ದವಳು ಅತ್ತಿಗೆ ಒಬ್ಬಳೇ. ಅವನು ಪಾಪ, ನಡೆದದ್ದನ್ನು ನಡೆದಂತೆ ಹೇಳಿ ಹೋದ.

ಸಂಜೆ ತಂಗಿ ಬಂದಾಗ ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಿರುಗದೆಯೇ ಕೇಳಿದಳು: "ಅವರು ಒಬ್ರೇ ಇದ್ರಂತೆ?"

"ಹೌದು."

"ಹೋಗ್ಬೇಡ ಅಂದ್ರಾ?"

"ಅಂದ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅತ್ತಿಗೆ ಅದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಈ ಕಡೆ ತಿರುಗಿದಳು. "ನೀನು ನರ್ಸು. ಉಳಿಯಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?"

ಇಲ್ಲ ಎನ್ನಬಹುದಿತ್ತು. ಆಸ್ಪತ್ರೆಯ ಡಾಕ್ಟರು ಕೂಡ, ನಿನ್ನ ತಪ್ಪೇನಿಲ್ಲ, ಯಾರು ಏನು ಮಾಡಿದ್ದರೂ ಅಷ್ಟು ದೂರದಿಂದ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ ಎಂದು ಬೆನ್ನು ತಟ್ಟಿದ್ದರು. ಆದರೆ ಒಂದು ಸುಳ್ಳಿನ ಭಾರವೇ ಅವಳ ಕತ್ತು ಬಗ್ಗಿಸಿತ್ತು.

"ಗೊತ್ತಿತ್ತು. ನೂರಕ್ಕೆ ನೂರು ಅಲ್ಲ. ಆದ್ರೆ ಗೊತ್ತಿತ್ತು."

"ಮತ್ಯಾಕೆ ಹೋದೆ?"

"ಕೂತ್ಕೊಂಡು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ ಅತ್ತಿಗೆ. ಬೇರೆಯವರನ್ನ ಎಷ್ಟೋ ಸಲ ನೋಡಿದ್ದೀನಿ, ಕೈ ಹಿಡ್ಕೊಂಡು ಕೂತಿದ್ದೀನಿ. ಅವನನ್ನ ಆಗ್ಲಿಲ್ಲ. ಓಡ್ತಾ ಇದ್ರೆ ಏನೋ ಮಾಡ್ತಿದ್ದೀನಿ ಅನ್ನಿಸ್ತಿತ್ತು."

ಅತ್ತಿಗೆ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದು ನಿಂತಳು. ಹೊಡೆದಿದ್ದರೆ ಒಳ್ಳೆಯದಿತ್ತು. ಅತ್ತಿಗೆ ಸ್ಟೂಲಿನ ಮೇಲೆ ಕೂತಳು.

"ಅತ್ತೆಗೆ ಇದು ಗೊತ್ತಾಗೋದು ಬೇಡ," ಎಂದಳು. "ಅವರು ಹಾಗೇ ನಂಬ್ಕೊಂಡಿರ್ಲಿ."

ಅತ್ತಿಗೆ ಮಾತಿಗೆ ತಪ್ಪಲಿಲ್ಲ. ಅಮ್ಮ ತೊಡೆಯ ಕಥೆ ಹೇಳಿದಾಗಲೆಲ್ಲ ಸುಮ್ಮನೆ ತಲೆಯಾಡಿಸಿದಳು. ನಾದಿನಿ ಬಂದರೆ ಮುಖ ತಿರುಗಿಸಲಿಲ್ಲ, ಬಾಗಿಲು ತೆರೆದಳು, ಊಟಕ್ಕೆ ಬಡಿಸಿದಳು, ಅಮ್ಮನ ಮಾತ್ರೆಗಳ ಬಗ್ಗೆ ಕೇಳಿದಳು. ಹೊರಗಿನವರ ಕಣ್ಣಿಗೆ ಆ ಮನೆಯಲ್ಲಿ ಏನೂ ಬದಲಾಗಿರಲಿಲ್ಲ.

ಆದರೆ ಆ ಸಂಜೆಯಿಂದ ಅವಳು ನಾದಿನಿಗೆ "ನೀವು" ಎನ್ನತೊಡಗಿದಳು. "ಬನ್ನಿ, ಕೂತ್ಕೊಳ್ಳಿ." "ಸಾಕಾ, ಇನ್ನೂ ಸ್ವಲ್ಪ ಹಾಕ್ಲಾ ನಿಮಗೆ?" ಅಮ್ಮನಿಗೆ ಕಿವಿ ಮಂದ, ಗಮನಕ್ಕೆ ಬರಲಿಲ್ಲ. ತಂಗಿ ಮಾತ್ರ ಪ್ರತಿ ತುತ್ತಿನೊಂದಿಗೂ ಅದನ್ನು ನುಂಗಿಕೊಂಡು, ತಟ್ಟೆ ಖಾಲಿ ಮಾಡಿ, "ಬರ್ತೀನಿ ಅತ್ತಿಗೆ" ಎಂದು ಎದ್ದು ಹೋಗುತ್ತಿದ್ದಳು. ಮುಂದಿನ ಭಾನುವಾರ ಮತ್ತೆ ಬರುತ್ತಿದ್ದಳು.