ಸರಕಿನ ಕೋಶದೊಳಗಿನ ಸದ್ದು

ನಾಲ್ಕು ಜನರ ಮುಂದೆ ನನಗೆ ದನಿಯೇ ಹೊರಡುವುದಿಲ್ಲ. ಅವತ್ತು ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, 'ಸಿದ್ಧ' ಅಂತ. ಅದನ್ನೂ ಬೆಳಗಿನಿಂದ ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದೆ.

ನಮ್ಮ ಕಂಪನಿಯ ರಾಕೆಟ್ಟು ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಒಯ್ಯಬೇಕಿತ್ತು. ಹಾರುವ ಮುನ್ನ ಪ್ರತಿ ವಿಭಾಗದವರೂ ಸರದಿಯಂತೆ 'ಸಿದ್ಧ' ಅನ್ನಬೇಕು. ಸರಕಿನ ಪರವಾಗಿ ಹೇಳುವವಳು ನಾನು.

ಹಿಂದಿನ ದಿನ, ಅಡ್ಡ ಮಲಗಿಸಿದ್ದ ರಾಕೆಟ್ಟನ್ನು ಎತ್ತಿ ನಿಲ್ಲಿಸುವಾಗ ಸರಕಿನ ಕೋಶದೊಳಗೆ ಏನೋ ಬಡಿದ ಸದ್ದಾಯಿತು. ಕ್ರೇನ್ ನಡೆಸುವ ಅಣ್ಣನಿಗೆ ಹೇಳಿದೆ.

"ಕಬ್ಬಿಣ ಅಂದ್ಮೇಲೆ ಗೊಣಗುತ್ತೆ ತಂಗೀ. ಹೊಸಬರಿಗೆ ಸ್ವಲ್ಪ ಜಾಸ್ತಿನೇ ಕೇಳಿಸುತ್ತೆ," ಎಂದು ನಕ್ಕುಬಿಟ್ಟರು.

ಆದರೆ ಅಲ್ಲಿ ಬಿಗಿದಿದ್ದದ್ದು ಆಮ್ಲಜನಕದ ಸಿಲಿಂಡರುಗಳು. ಒಂದು ಸಡಿಲವಾಗಿದ್ದರೂ ಹಾರುವಾಗಿನ ನಡುಕಕ್ಕೆ ಕೋಶವನ್ನೇ ಸೀಳೀತು. ಹಾರಾಟ ನಿಲ್ಲಿಸಿದರೋ, ತುಂಬಿದ ಇಂಧನವನ್ನೆಲ್ಲ ಇಳಿಸಬೇಕು. ಬರುವ ಲಾಭವೆಲ್ಲ ಅದಕ್ಕೇ ಹೋಗುತ್ತದೆ.

"ಇವತ್ತು ಯಾರಾದ್ರೂ ಕೆಮ್ಮಿದ್ರೆ, ಇಂಧನ ಇಳಿಸೋ ಖರ್ಚು ಅವರ ಸಂಬಳದಲ್ಲೇ," ಎಂದರು ಹಾರಾಟದ ಮುಖ್ಯಸ್ಥರು. ನಿಯಂತ್ರಣ ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

"ಎಂಜಿನ್?"

"ಸಿದ್ಧ."

"ಇಂಧನ?"

"ಸಿದ್ಧ."

ಮೈಕಿನ ಗುಂಡಿಯ ಮೇಲೆ ಬೆರಳಿಟ್ಟೆ. ಗಾಜಿನಾಚೆ ದೂರದಲ್ಲಿ ರಾಕೆಟ್ಟು ಬಿಳಿ ಹೊಗೆ ಬಿಡುತ್ತ ನಿಂತಿತ್ತು.

"ಸರಕು?"

ಬೆರಳು ಗುಂಡಿಯ ಮೇಲೇ ಇತ್ತು, ಒತ್ತಲಿಲ್ಲ. ಎಲ್ಲರ ತಲೆಗಳೂ ನನ್ನತ್ತ ತಿರುಗಿದವು.

"ಏನಮ್ಮಾ, ನಿದ್ದೆ ಬಂತಾ?" ಎಂದರು ಮುಖ್ಯಸ್ಥರು.

ಗುಂಡಿ ಒತ್ತಿದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

"ಸಿದ್ಧವಿಲ್ಲ ಸರ್. ಒಳಗೆ ಏನೋ ಬಡಿದ ಸದ್ದು ನಾನು ಕೇಳಿದೀನಿ."